ಒಲೆ ಆರಿಸಿದ್ದೆ, ಆದರೂ ಸುಟ್ಟ ವಾಸನೆ



ಎರಡು ಸಂಚಿಕೆಗಳ ಹಿಂದೆ ಹಪ್ಪಳದ ಹಿಟ್ಟಿನ ಹದ ಹೇಳುತ್ತಾ ಹೇಳುತ್ತಾ, ‘ಮನೆಯನ್ನೇ ಗಾಡಿಗೆ ಹಾಕಿಕೊಂಡು ಹದಿನೈದು ದಿನ ತಿರುಗಿ ಬಂದ ಕಥೆ ಇನ್ನೊಮ್ಮೆ ಹೇಳ್ತೀನಿ’ ಎಂದು ಬರೆದುಬಿಟ್ಟಿದ್ದೆ. ಹಪ್ಪಳದ ಬಗ್ಗೆ ಒಬ್ಬರೂ ಕೇಳಲಿಲ್ಲ. ಗಾಡಿಯಲ್ಲಿ ಒಲೆ ಎಲ್ಲಿಟ್ಟಿರಿ, ಸ್ನಾನಕ್ಕೇನು ಮಾಡಿದಿರಿ, ಅತ್ತೆಯವರನ್ನು ಹೇಗೆ ಒಪ್ಪಿಸಿದಿರಿ, ಇದೇ ಎಲ್ಲರ ಪ್ರಶ್ನೆ. ಅದನ್ನೆಲ್ಲ ಹೇಳೋಣ. ಆದರೆ ಮೊದಲು ಬ್ರೇಕಿನ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೆಂಗಸರ ಪುಟದಲ್ಲಿ ಬ್ರೇಕಿನ ಮಾತು ಯಾಕಮ್ಮ ಅಂತ ಮೂಗು ಮುರಿಯಬೇಡಿ. ಗಾಡಿ ಬಿಡುವವರು ಗಂಡಸರಾದರೂ ಅದರೊಳಗೆ ಮಕ್ಕಳನ್ನು ಕೂರಿಸಿಕೊಂಡು ಹಿಂದೆ ಕೂರುವವರು ನಾವೇ ಅಲ್ಲವೇ?

ನನ್ನ ಮೈದುನ ಹಳೆಯದೊಂದು ಹನ್ನೆರಡು ಸೀಟಿನ ವ್ಯಾನು ಕೊಂಡಿದ್ದ. ಸೀಟೆಲ್ಲ ಕಿತ್ತುಹಾಕಿ, ನಮ್ಮ ಅರಸೀಕೆರೆಯ ಬಡಗಿಯ ಕೈಲಿ ಎರಡು ಮಂಚ, ಒಂದು ಬೀರು, ಒಲೆ ಇಡಲು ಕಟ್ಟೆ ಮಾಡಿಸಿ, ಮೇಲೆ ೧೨೦ ಲೀಟರಿನ ನೀರಿನ ಟ್ಯಾಂಕು ಕೂರಿಸಿದ್ದ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಯೋಚನೆ ಅವನದು. ‘ಅದಕ್ಕೆ ಮುಂಚೆ ನೀವೇ ಒಂದು ಸಲ ಹೋಗಿ ಬನ್ನಿ, ಏನು ಅನುಕೂಲ ಏನು ಅನಾನುಕೂಲ ಅಂತ ಅತ್ತಿಗೆ ಹೇಳ್ಲಿ’ ಅಂದ. ನಮ್ಮತ್ತೆಗೆ ಕೊಲ್ಲೂರು, ಹೊರನಾಡು, ಧರ್ಮಸ್ಥಳದ ಹರಕೆ ಬಾಕಿ ಇತ್ತು. ಮಂಡಿನೋವು, ಲಾಡ್ಜಿನ ಮೆಟ್ಟಿಲು ಹತ್ತಲಾರರು. ಹೋಟೆಲಿನ ಅನ್ನ ಮುಟ್ಟರು. ‘ಮನೇನೇ ಬರುತ್ತಂತಲ್ಲ, ಮತ್ತೇನು’ ಅಂತ ಅವರೇ ಮೊದಲು ಹೊರಟರು. ನೋಡಿ, ಅತ್ತೆಯನ್ನು ಒಪ್ಪಿಸಿದ್ದು ಹೇಗೆ ಅನ್ನೋದಕ್ಕೆ ಉತ್ತರ ಇಷ್ಟೇ.

೨೦೨೪ರ ಯುಗಾದಿ ಏಪ್ರಿಲ್ ೯ಕ್ಕೆ ಬಂದಿತ್ತು. ಹಬ್ಬ ಮುಗಿಸಿ ೧೧ನೇ ತಾರೀಕು ಗುರುವಾರ ಹೊರಟೆವು. ನಮ್ಮವರು, ನಾನು, ಅತ್ತೆ, ಪಿಯುಸಿ ಪರೀಕ್ಷೆ ಮುಗಿಸಿದ್ದ ಮಗಳು, ಒಂಬತ್ತನೇ ಕ್ಲಾಸಿನ ಮಗ. ೨೬ಕ್ಕೆ ನಮ್ಮ ಹಾಸನ ಕ್ಷೇತ್ರದಲ್ಲಿ ಮತದಾನ, ಅಷ್ಟರೊಳಗೆ ಊರು ಸೇರಬೇಕು ಅಂತ ಅತ್ತೆಯದೇ ಕಟ್ಟಪ್ಪಣೆ. ಅರಸೀಕೆರೆ, ಶಿವಮೊಗ್ಗ, ಸಾಗರ, ಜೋಗ. ಅಲ್ಲಿಂದ ಘಟ್ಟ ಇಳಿದು ಹೊನ್ನಾವರ, ಮುರುಡೇಶ್ವರ, ಕೊಲ್ಲೂರು, ಉಡುಪಿ. ಆಗುಂಬೆ ಹತ್ತಿ ಶೃಂಗೇರಿ, ಹೊರನಾಡು. ಚಾರ್ಮಾಡಿ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯ. ಆಮೇಲೆ ಶಿರಾಡಿ ಹತ್ತಿ ಸಕಲೇಶಪುರದ ಮೇಲೆ ಮನೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಈಗ ನನ್ನ ತಪ್ಪೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿಗೆ ಸಾಮಾನು ತುಂಬಿದವಳು ನಾನು. ಕಾರಿನಲ್ಲಿ ಹೋದರೆ ಜಾಗ ಇಲ್ಲ ಅಂತ ಕೈ ಹಿಡಿದು ತುಂಬುತ್ತೇವೆ. ಇಲ್ಲಿ ಜಾಗ ಇತ್ತು, ಅದೇ ಬಂದದ್ದು ಕುತ್ತು. ಹದಿನೈದು ಕೆ.ಜಿ. ಅಕ್ಕಿ. ದೇವರಿಗೂ ಅಡುಗೆಗೂ ಅಂತ ಅರವತ್ತು ತೆಂಗಿನಕಾಯಿ (ಅರಸೀಕೆರೆಯವರು ಬೇರೆ ಊರಲ್ಲಿ ಕಾಯಿ ಕೊಳ್ಳೋದೇ? ಅಂತ ಒಂದು ಜಂಬ). ‘ಮಿಕ್ಸಿ ಚಟ್ನಿ ತಿನ್ನಲ್ಲ’ ಅನ್ನುವ ಅತ್ತೆಗೋಸ್ಕರ ಒಂದು ಸಣ್ಣ ಒರಳುಕಲ್ಲು. ಐದು ಹಾಸಿಗೆ, ಇಸ್ತ್ರಿ ಪೆಟ್ಟಿಗೆ, ಹಿತ್ತಾಳೆ ಕೊಳದಪ್ಪಲೆ. ಒಂದು ಲೀಟರು ನೀರು ಅಂದರೆ ಒಂದು ಕೆ.ಜಿ. ಅಲ್ಲವೇ? ೧೨೦ ಲೀಟರು ಅಂದರೆ ಇಬ್ಬರು ದೊಡ್ಡವರು ತಾರಸಿಯ ಮೇಲೆ ಕೂತ ಹಾಗೆ. ಆ ಲೆಕ್ಕ ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ತರೀಕೆರೆ ಹತ್ತಿರ ಚುನಾವಣೆಯ ತಪಾಸಣೆಯವರು ಗಾಡಿ ನಿಲ್ಲಿಸಿ ಒಳಗೆ ಬಗ್ಗಿ ನೋಡಿ, ‘ಏನಮ್ಮ, ಮನೆ ಖಾಲಿ ಮಾಡ್ಕೊಂಡು ಹೊರಟ್ರಾ?’ ಅಂದರು. ನಕ್ಕೆವು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಸಾಗರದಲ್ಲಿ ನೆಂಟರ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಗಾಡಿಯೇ ಮನೆ ಆದಮೇಲೆ ಬಾಗಿಲಿಗೆ ರಂಗೋಲಿ ಬೇಡವೇ ಅಂತ ದಿನಾ ಬೆಳಿಗ್ಗೆ ಮೆಟ್ಟಿಲ ಮುಂದೆ ಒಂದೆಳೆ ಎಳೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಹಾಗೆ ಬಗ್ಗಿದಾಗ, ಹಿಂದಿನ ಚಕ್ರದ ಒಳಬದಿಗೆ ನೆಲದಲ್ಲಿ ಅಂಗೈಯಗಲ ಒದ್ದೆ ಕಂಡಿತು. ಪಾತ್ರೆ ತೊಳೆದ ನೀರು ಹರಿದಿರಬೇಕು ಅಂದುಕೊಂಡೆ. ಬೆರಳಿಟ್ಟು ನೋಡಿದೆ, ನೀರಿನ ಹಾಗಿರಲಿಲ್ಲ. ಜಾರುತ್ತಿತ್ತು. ಹೇಳಬೇಕಿತ್ತು. ಆದರೆ ಹಿಂದಿನ ದಿನ ‘ಗಾಡಿ ಒಂದು ಪಕ್ಕಕ್ಕೆ ಎಳೆದ ಹಾಗಾಗಲ್ವೇನ್ರೀ?’ ಅಂತ ಕೇಳಿದ್ದಕ್ಕೆ ನಮ್ಮವರು ನೆಂಟರೆದುರಿಗೆ ‘ನಮ್ಮ ಮನೇಲಿ ಹೊಸ ಮೆಕ್ಯಾನಿಕ್ ಬಂದಿದಾರೆ’ ಅಂತ ನಗಿಸಿದ್ದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಆ ಸೀರೆಯ ಮೇಲಿನ ಕಲೆ ಇವತ್ತಿಗೂ ಇದೆ.

ಭಾನುವಾರ ೧೪ಕ್ಕೆ ಜೋಗದಿಂದ ಹೊರಟೆವು. ಏಪ್ರಿಲಿನ ಜೋಗ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ, ಬಂಡೆಯ ಮೇಲೆ ಎರಡು ಬಿಳಿ ದಾರ ಇಳಿಬಿಟ್ಟ ಹಾಗೆ. ಮಾವಿನಗುಂಡಿ ದಾಟುವ ಮೊದಲು ನೆರಳಲ್ಲಿ ನಿಲ್ಲಿಸಿ ಚಹಾ ಮಾಡಿದೆ. ಒಲೆ ಆರಿಸಿ, ಸಿಲಿಂಡರಿನ ಬಾಯಿಯನ್ನೂ ತಿರುಗಿಸಿ ಮುಚ್ಚಿದೆ. ಇದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಗೇರುಸೊಪ್ಪೆಯ ಕಡೆಗೆ ಇಳಿಯುವ ಮಲೆಮನೆ ಘಟ್ಟ. ದಟ್ಟ ಕಾಡು, ತಿರುವಿನ ಮೇಲೆ ತಿರುವು. ಸ್ವಲ್ಪ ದೂರ ಇಳಿದ ಮೇಲೆ ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ತಗ್ಗಿತು, ಗಾಡಿ ದೋಣಿಯ ಹಾಗೆ ತೇಲಿತು. ನಮ್ಮವರ ಅಭ್ಯಾಸ ನನಗೆ ಗೊತ್ತು. ಇಪ್ಪತ್ತು ವರ್ಷ ಕೊಬ್ಬರಿ ಮೂಟೆಯ ಗಾಡಿ ಓಡಿಸಿದವರು, ಬಾಣಾವರದ ಕಡೆ ಇಳಿಜಾರು ಸಿಕ್ಕಿದರೆ ಸಾಕು, ನ್ಯೂಟ್ರಲಿಗೆ ಹಾಕಿ ಬಿಟ್ಟುಬಿಡುತ್ತಾರೆ. ‘ಡೀಸೆಲ್ ಉಳಿಯುತ್ತೆ’ ಅಂತ. ನಿಮ್ಮ ಮನೆಯಲ್ಲೂ ಈ ಉಳಿತಾಯದವರು ಇರಬಹುದು. ನಮ್ಮ ಬಯಲುಸೀಮೆಯ ಇಳಿಜಾರು ಒಂದು ಫರ್ಲಾಂಗಿಗೆ ಮುಗಿಯುತ್ತೆ. ಘಟ್ಟ ಮುಗಿಯೋದಿಲ್ಲ. ಪ್ರತಿ ತಿರುವಿಗೂ ಅವರು ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರು.

ಹತ್ತು ನಿಮಿಷಕ್ಕೆ ವಾಸನೆ ಶುರುವಾಯಿತು. ಕುಕ್ಕರಿನ ಗ್ಯಾಸ್ಕೆಟ್ಟು ಸುಟ್ಟರೆ ಬರುತ್ತಲ್ಲ, ಅಂಥದು.

‘ಏನೇ ಇದು, ಒಲೆ ಆರಿಸಿಲ್ವೇನೆ?’ ಅತ್ತೆ ಕೇಳಿದರು.

‘ಆರಿಸಿದೀನಿ ಅತ್ತೆ.’

‘ಹಾಲೇನಾದ್ರೂ ಸೀದುಹೋಯ್ತಾ ನೋಡು.’

ಮಕ್ಕಳು ಒಲೆ ನೋಡಿದರು, ಅತ್ತೆ ಒಲೆ ನೋಡಿದರು, ಮುಂದಿನಿಂದ ನಮ್ಮವರೂ ‘ಗ್ಯಾಸ್ ನೋಡೇ ಮೊದಲು’ ಅಂದರು. ಸುಟ್ಟ ವಾಸನೆ ಬಂದರೆ ಅದು ಅಡುಗೆಯವಳದೇ ಅಂತ ಲೋಕದ ತೀರ್ಮಾನ. ನಾನೂ ಬಗ್ಗಿ ನೋಡಿದೆ ಅನ್ನಿ! ಒಲೆ ತಣ್ಣಗಿತ್ತು. ಕಿಟಕಿಯಿಂದ ಮುಖ ಹೊರಗೆ ಹಾಕಿದರೆ ವಾಸನೆ ಇನ್ನೂ ಜೋರು. ಆಗ ಸಾಗರದ ಒದ್ದೆ ನೆನಪಾಗಿ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಮಂಚ ಹಿಡಿದುಕೊಂಡು ಮುಂದೆ ಹೋಗಿ, ‘ರೀ, ಒಲೆ ಅಲ್ಲ, ಚಕ್ರದಿಂದ ಬರ್ತಿದೆ. ನಿಲ್ಸಿ’ ಅಂದೆ.

‘ಘಾಟೀಲಿ ಎಲ್ಲೆಂದರಲ್ಲಿ ನಿಲ್ಲಿಸೋಕಾಗುತ್ತೇನೆ? ಸುಮ್ನೆ ಕೂತ್ಕೋ.’

ನಾನು ಕೂರಲಿಲ್ಲ. ಅವರ ಹಿಂದೆಯೇ ನಿಂತಿದ್ದೆ. ಮುಂದಿನ ತಿರುವಿನಲ್ಲಿ ಅವರು ಕಾಲು ಒತ್ತಿದರು, ಪೆಡಲು ಮೆತ್ತಗೆ ಕೆಳಗೆ ಹೋದದ್ದು ನನಗೇ ಕಂಡಿತು. ಇನ್ನೊಮ್ಮೆ ಒತ್ತಿದರು. ‘ಕಾಲಿಗೆ ಸಿಗ್ತಿಲ್ವಲ್ಲೇ’ ಅಂದರು. ನನಗೆ ಹೇಳಿದ್ದಲ್ಲ ಅದು, ತಮಗೆ ತಾವೇ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರ ಗಂಟಲಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ.

‘ಅಪ್ಪಾ, ಗೇರಿಗೆ ಹಾಕಿ, ಗೇರಿಗೆ!’ ಅಂತ ಕೂಗಿದ್ದು ಮಗಳು.

ಆಮೇಲಿನದು ಪೂರ್ತಿ ನೆನಪಿಲ್ಲ. ಬಡಬಡ ಬ್ರೇಕು ತುಳಿದು ತುಳಿದು ಬಿಟ್ಟರು, ಹಾಗೆ ತುಳಿದಾಗ ಸ್ವಲ್ಪ ಸ್ವಲ್ಪ ಹಿಡಿಯಿತು. ಮೂರನೇ ಗೇರಿಗೆ ಹಾಕಿದಾಗ ಗಾಡಿ ಹುಲಿಯ ಹಾಗೆ ಗರ್ಜಿಸಿತು. ಎದುರಿಗೆ ಒಂದು ಬಸ್ಸು ಬಂದು ಪಕ್ಕದಲ್ಲೇ ಸರಕ್ಕನೆ ಹೋಯಿತು. ಎರಡನೇ ಗೇರು. ಕೈಬ್ರೇಕನ್ನು ಒಂದೇ ಸಲ ಎಳೆಯದೆ ಹಲ್ಲು ಹಲ್ಲಾಗಿ ಎಳೆದರು. ಎಡಗಡೆ ಗುಡ್ಡದ ಪಕ್ಕ ಚರಂಡಿಯ ಮಣ್ಣಿಗೆ ಚಕ್ರ ಇಳಿಸಿ, ಉಜ್ಜಿಕೊಂಡು ಹೋಗಿ ನಿಂತಿತು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು ಅಂತ ಮಗ ಆಮೇಲೆ ಲೆಕ್ಕ ಹಾಕಿದ. ಬಲಗಡೆ ಏನಿತ್ತು ಅಂತ ನಾನು ಇಳಿದ ಮೇಲೂ ನೋಡಲು ಹೋಗಲಿಲ್ಲ.

ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಅತ್ತೆ ‘ನೀರು ಹಾಕ್ರೋ’ ಅಂದರು. ನಾನು ಬಕೆಟ್ಟು ಹಿಡಿದುಕೊಂಡು ಓಡಿದೆ. ಅಷ್ಟರಲ್ಲಿ ಹಿಂದೆ ಬಂದು ನಿಂತ ಲಾರಿಯಿಂದ ಒಬ್ಬರು ಧುಮುಕಿ, ‘ಏ ಅಕ್ಕಾ, ನೀರ್ ಹಾಕಬ್ಯಾಡ್ರಿ! ಡ್ರಮ್ ಸೀಳತೈತಿ!’ ಅಂತ ಕೂಗಿದರು. ಹಾವೇರಿ ಕಡೆಯವರು. ಅವರ ಕ್ಲೀನರ್ ಹುಡುಗ ಯಾರೂ ಹೇಳದೇ ನಾಲ್ಕು ದಪ್ಪ ಕಲ್ಲು ತಂದು ಚಕ್ರಗಳಿಗೆ ಒತ್ತು ಕೊಟ್ಟ. ಕೆಂಪಗೆ ಕಾದ ಕಾವಲಿಗೆ ತಣ್ಣೀರು ಹುಯ್ದರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ.

ಅವರಿಬ್ಬರಿಗೂ ಚಹಾ ಮಾಡಿಕೊಟ್ಟೆ. ಕುಡಿಯುತ್ತಾ ಆ ಡ್ರೈವರಣ್ಣ ಹೇಳಿದ್ದು ನಾನು ಮರೆಯೋದಿಲ್ಲ. ‘ಸಾಹೇಬ್ರ, ಘಾಟ್ ಹತ್ತೂ ಮುಂದ ಯಾವ ಗೇರ್ ಬೇಕಾಗತೈತಿ, ಇಳಿಯೂ ಮುಂದೂ ಅದ ಗೇರ್ ಬೇಕ್ರಿ. ಗಾಡಿನ್ನ ಇಂಜಿನ್ ಹಿಡೀಬೇಕು. ಬ್ರೇಕ್ ಬರೇ ತಿರುವಿಗೆ.’ ನಮ್ಮವರು ತಲೆ ತಗ್ಗಿಸಿ ಕೇಳಿದರು. ಅದೇ ಮಾತನ್ನು ನಾನು ಹೇಳಿದ್ದರೆ ಏನಾಗುತ್ತಿತ್ತು ಅಂತ ಬರೆಯುವುದಿಲ್ಲ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಲಾರಿಯವರು ಕೆಳಗೆ ಹೋಗಿ ಹೊನ್ನಾವರದಿಂದ ಮೆಕ್ಯಾನಿಕ್ ಕಳಿಸುತ್ತೇವೆ ಅಂದರು. ಇಳಿಯುವ ಬಸ್ಸೊಂದಕ್ಕೆ ಕೈ ಅಡ್ಡ ಹಿಡಿದು ಅತ್ತೆಯನ್ನೂ ಮಕ್ಕಳನ್ನೂ ಹತ್ತಿಸಿದೆವು. ಅತ್ತೆ ಬೇಡ ಅಂದರು, ಅತ್ತರು. ಮಗಳು ಅವರ ಕೈ ಹಿಡಿದುಕೊಂಡಳು. ನಾನೂ ಹೋಗಬಹುದಿತ್ತು. ಆದರೆ ಮನೆಯನ್ನು ಕಾಡಿನಲ್ಲಿ ಬಿಟ್ಟು ಹೇಗೆ ಹೋಗಲಿ? ಅದಕ್ಕಿಂತ, ಅವರೊಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಮೂರು ಗಂಟೆ ಕಾದೆವು. ಅದು ಸಿಂಗಳೀಕಗಳಿರುವ ಕಾಡು. ಮರದ ತುದಿಯಲ್ಲಿ ಏನೋ ಕರ್ರಗೆ ಅಲ್ಲಾಡಿದ್ದು ಕಂಡಿತೇ ಹೊರತು ಮುಖ ತೋರಿಸಲಿಲ್ಲ. ಮೊಸರನ್ನ ಕಲಸಿ ಕೊಟ್ಟೆ, ಅರ್ಧ ತಿಂದು ಇಟ್ಟರು. ಬಹಳ ಹೊತ್ತಾದ ಮೇಲೆ, ‘ಆ ಕೆಂಪು ದೀಪ ಬೆಳಿಗ್ಗೆಯಿಂದ ಉರೀತಿತ್ತು ಕಣೇ. ಕೈಬ್ರೇಕಿಂದು, ಸ್ವಿಚ್ ಕೆಟ್ಟಿರಬೇಕು ಅಂದ್ಕೊಂಡೆ’ ಅಂದರು. ನಾನು ಸಾಗರದ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ, ಬರಲಿಲ್ಲ.

ಮೆಕ್ಯಾನಿಕ್ ಮೋಟಾರ್ ಸೈಕಲ್ಲಿನ ಮೇಲೆ ಬಂದರು, ವಯಸ್ಸಾದವರು. ತಣ್ಣಗಾದ ಚಕ್ರ ತಡವಿ, ಹೊಸ ಬ್ರೇಕ್ ಎಣ್ಣೆ ಹಾಕಿ, ನಮ್ಮವರ ಕೈಲಿ ಪೆಡಲು ತುಳಿಸುತ್ತಾ ಕೊಳವೆಯಲ್ಲಿದ್ದ ಗಾಳಿ ತೆಗೆದರು. ಆಮೇಲೆ ತಾವೇ ಕೂತು ಒಂದನೇ ಗೇರಿನಲ್ಲಿ ಇರುವೆ ಹರಿದ ಹಾಗೆ ಇಳಿಸಿದರು. ಗೇರುಸೊಪ್ಪೆಯಲ್ಲಿ ಶರಾವತಿ ಕಂಡಾಗ ಕೈ ಮುಗಿದೆ.

ಹೊನ್ನಾವರದ ಆ ಗ್ಯಾರೇಜಿನ ಅಂಗಳದಲ್ಲಿ ಮೂರು ರಾತ್ರಿ ಸಂಸಾರ ಮಾಡಿದೆವು. ಬೇರೆ ಗಾಡಿ ಕೆಟ್ಟರೆ ಗ್ಯಾರೇಜಿಗೆ ಬಿಟ್ಟು ಲಾಡ್ಜಿಗೆ ಹೋಗುತ್ತೀರಿ. ಮನೆಗಾಡಿ ಕೆಟ್ಟರೆ ಮನೆಯೇ ಗ್ಯಾರೇಜಿಗೆ ಹೋಗುತ್ತೆ! ಭಾನುವಾರ ಅಂಗಡಿ ಇಲ್ಲ, ಸಾಮಾನು ಹುಬ್ಬಳ್ಳಿಯಿಂದ ಬಂದದ್ದು ಮಂಗಳವಾರ. ಹಿಂದಿನ ಚಕ್ರ ಬಿಚ್ಚಿ ಜಾಕಿನ ಮೇಲೆ ನಿಲ್ಲಿಸಿದರು, ಮಂಚ ಓರೆಯಾಯಿತು. ಅತ್ತೆ ತಲೆ ತಗ್ಗಿನ ಕಡೆ ಹಾಕಿ ಮಲಗಲ್ಲ ಅಂತ ಹಠ. ಕೊನೆಗೆ ಮೆಕ್ಯಾನಿಕ್ಕಿನ ಮನೆಯ ಜಗಲಿಯಲ್ಲಿ ಅವರಿಗೆ ಹಾಸಿಗೆಯಾಯಿತು. ಗ್ರೀಸಿನ ಡಬ್ಬಗಳ ಮಧ್ಯೆ ಹಗ್ಗ ಕಟ್ಟಿ ಸೀರೆ ಒಣಹಾಕಿದೆ. ಕೆಲಸದ ಹುಡುಗರಿಗೂ ಸೇರಿಸಿಯೇ ಅಡುಗೆ. ನಮ್ಮ ಕಾಯಿ ಅಲ್ಲಿ ಬಹಳ ಖರ್ಚಾಯಿತು, ಗಾಡಿಯ ಭಾರವೂ ಇಳಿಯಿತು.

ಅವರು ತೆಗೆದ ಹಳೇ ಬ್ರೇಕ್ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದರು. ಹೊಸದು ತಿಳಿಯಾಗಿ ಜೇನಿನ ಹಾಗೆ ಹೊಳೆಯುತ್ತೆ. ಇದು ಕಾಫಿ ಡಿಕಾಕ್ಷನ್ನು. ‘ಇದು ಎಣ್ಣೆ ಅಲ್ಲ ಮಾರಾಯ್ರೇ, ಕಷಾಯ. ಎಷ್ಟು ವರ್ಷದ್ದೋ’ ಅಂದರು. ನಾನು ಪಕ್ಕದಲ್ಲಿ ಕೂತು ಎಲ್ಲ ಕೇಳಿ ತಿಳಿದುಕೊಂಡೆ, ನಿಮಗೂ ಹೇಳುತ್ತೇನೆ. ನಾವು ಪೆಡಲು ಒತ್ತಿದರೆ ಆ ಒತ್ತಡವನ್ನು ಚಕ್ರದವರೆಗೆ ಹೊತ್ತುಕೊಂಡು ಹೋಗೋದು ಸಣ್ಣ ಕೊಳವೆಯಲ್ಲಿರುವ ಈ ಎಣ್ಣೆ. ಹೆಸರಿಗೆ ಎಣ್ಣೆ, ಆದರೆ ಅಡುಗೆಯೆಣ್ಣೆಯ ಜಾತಿಯದಲ್ಲ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತೆ. ಹೊಸದಾದರೆ ೨೦೦ ಡಿಗ್ರಿ ದಾಟಿದರೂ ಕುದಿಯೋದಿಲ್ಲ. ನೀರು ಹೀರಿದ ಹಳೆಯದು ೧೪೦-೧೫೦ ಡಿಗ್ರಿಗೇ ಕುದಿಯಬಹುದು. ಇಳಿಜಾರಿನಲ್ಲಿ ಕಾಲಿಟ್ಟೇ ಇದ್ದರೆ ಚಕ್ರದ ಹತ್ತಿರ ಅಷ್ಟು ಬಿಸಿ ಬಂದೇ ಬರುತ್ತೆ. ಕುದ್ದರೆ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ? ಉಬ್ಬಿದ ಪೂರಿಯ ಮೇಲೆ ಬೆರಳಿಟ್ಟ ಹಾಗೆ, ಒಳಗೆ ಹೋಗುತ್ತೆ ಅಷ್ಟೆ. ಪೆಡಲು ಮೆತ್ತಗಾದದ್ದು ಹಾಗೆ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಾಯಿಸಬೇಕಂತೆ, ಗಾಡಿ ಓಡಲಿ ಓಡದಿರಲಿ. ಮುಚ್ಚಳ ತೆರೆದು ಬಹಳ ದಿನ ಇಟ್ಟ ಡಬ್ಬಿಯದನ್ನು ಹಾಕಬಾರದು. ಕಡಿಮೆಯಾಯಿತು ಅಂತ ಇಂಜಿನ್ ಆಯಿಲನ್ನು ಹುಯ್ದರಂತೂ ಒಳಗಿನ ರಬ್ಬರೆಲ್ಲ ಉಬ್ಬಿ ಕೆಟ್ಟುಹೋಗುತ್ತೆ.

ಇನ್ನು ಆ ಕೆಂಪು ದೀಪ. ಕೈಬ್ರೇಕ್ ಎಳೆದಾಗ ಉರಿಯುವ ದೀಪವೇ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಎಣ್ಣೆ ಕಡಿಮೆಯಾದರೂ ಉರಿಯುತ್ತೆ. ಕೈಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಗಾಡಿ ಹೊರಡಿಸಬಾರದು. ಇದನ್ನು ನೋಡಲು ಲೈಸೆನ್ಸು ಬೇಕಿಲ್ಲ, ಪಕ್ಕದಲ್ಲಿ ಕೂತವರಿಗೂ ಕಾಣುತ್ತೆ. ಇಳಿಜಾರಿನಲ್ಲಿ ಇಂಜಿನ್ನನ್ನೇ ಆರಿಸುವವರೂ ಇದ್ದಾರಂತೆ! ಇಂಥ ಗಾಡಿಯಲ್ಲಿ ಇಂಜಿನ್ ಆರಿದರೆ ಬ್ರೇಕಿಗೆ ಸಿಗುವ ಬಲವೂ ಹೋಗಿ, ನಾಲ್ಕೈದು ಸಲ ತುಳಿದ ಮೇಲೆ ಪೆಡಲು ಕಲ್ಲಾಗುತ್ತೆ.

ಚಕ್ರದೊಳಗಿಂದ ಮೆಕ್ಯಾನಿಕ್ ಹೆಬ್ಬೆರಳಿನಷ್ಟು ದಪ್ಪದ ಒಂದು ಸಿಲಿಂಡರು ಬಿಚ್ಚಿ ತೋರಿಸಿ, ‘ಇಲ್ಲಿಂದ ಸೋರಿ ಲೈನರ್ ಎಲ್ಲ ನೆಂದಿದೆ. ನಾಲ್ಕೈದು ದಿನದಿಂದ ನೆಲಕ್ಕೂ ಬಿದ್ದಿರಬೇಕು, ಯಾರೂ ನೋಡಲಿಲ್ವಾ?’ ಅಂತ ಕೇಳಿದರು.

ಆಗ ಹೇಳಿದೆ. ಎಲ್ಲರೆದುರಿಗೆ. ರಂಗೋಲಿ ಹಾಕುವಾಗ ನೋಡಿದ್ದೆ, ಬೆರಳಿಟ್ಟಿದ್ದೆ, ಹೇಳಲಿಲ್ಲ ಅಂತ.

ನಮ್ಮವರು ನನ್ನನ್ನೇ ನೋಡಿದರು. ‘ಹೇಳಬೇಕಿತ್ತು ಕಣೇ.’

‘ಹೇಳಿದ್ರೆ ನಿಲ್ಲಿಸ್ತಿದ್ರಾ?’

ಅವರು ಉತ್ತರ ಹೇಳಲಿಲ್ಲ. ಮೆಕ್ಯಾನಿಕ್ ಏನೋ ಹುಡುಕುವವರ ಹಾಗೆ ಎದ್ದು ಒಳಗೆ ಹೋದರು. ನನಗೆ ಗೆದ್ದೆ ಅಂತ ಅನಿಸಲಿಲ್ಲ, ಆ ಮಾತು ಆಡಿ ಪಾಪ ಮಾಡಿದೆನೇನೋ ಅಂತಲೂ ಅನಿಸಲಿಲ್ಲ. ಸುಮ್ಮನೆ ಕಾಲು ನಡುಗುತ್ತಿತ್ತು, ಘಟ್ಟದಲ್ಲಿ ನಡುಗದೇ ಇದ್ದದ್ದು ಅಲ್ಲಿ.

ಅವತ್ತು ರಾತ್ರಿ ಅತ್ತೆಯೂ ಅವರೂ ಏನೋ ಮಾತಾಡಿಕೊಂಡರು. ಏನು ಅಂತ ನಾನು ಕೇಳಲಿಲ್ಲ.

ಮೆಕ್ಯಾನಿಕ್ಕಿನ ಸೊಸೆ ದಿನಾ ನಮ್ಮಲ್ಲಿಗೆ ಬಂದು ಕೂರುತ್ತಿದ್ದಳು. ಬಿಸಿಲು ಹಾಗಿತ್ತು ನೋಡಿ, ಸೆಕೆಗೆ ಅನ್ನ ಇಳಿಯದು. ಆ ಹುಡುಗಿ ಅಪ್ಪೆಹುಳಿ ಮಾಡಿ ತಂದಳು. ಅತ್ತೆ ಮೊದಲು ಲೋಟ ಮೂಸಿ ನೋಡಿ, ಆಮೇಲೆ ಎರಡು ಲೋಟ ಕುಡಿದರು. ಕಲಿತುಕೊಂಡೆ, ಬರೆದುಕೊಳ್ಳಿ. ಹುಳಿಯಾದ ಒಂದು ದೊಡ್ಡ ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ, ಆರಿದ ಮೇಲೆ ಸಿಪ್ಪೆ ತೆಗೆದು ತಿರುಳು ಕಿವುಚಿ, ನಾಲ್ಕು ಲೋಟ ನೀರು ಸೇರಿಸಿ. ಸೀಳಿದ ಎರಡು ಹಸಿಮೆಣಸಿನಕಾಯಿ, ಉಪ್ಪು, ನೆಲ್ಲಿಕಾಯಿಗಿಂತ ಚಿಕ್ಕ ಚೂರು ಬೆಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಧಾರಾಳವಾಗಿ ಇಂಗಿನ ಒಗ್ಗರಣೆ. ಒಗ್ಗರಣೆಯ ಮೇಲೆ ಮತ್ತೆ ಕುದಿಸಬೇಡಿ. ತಿಳಿಯಾಗಿರಬೇಕು, ಸಾರಿನ ಹಾಗೆ ಗಟ್ಟಿ ಮಾಡಿದರೆ ಕೆಟ್ಟಿತು. ಅನ್ನಕ್ಕೂ ಆಗುತ್ತೆ, ಹಾಗೇ ಕುಡಿಯೋದಕ್ಕೂ ಆಗುತ್ತೆ.

೧೭ನೇ ತಾರೀಕು ಬುಧವಾರ ರಾಮನವಮಿ. ಗ್ಯಾರೇಜಿನ ಅಂಗಳದಲ್ಲೇ ಪಾನಕ, ಕೋಸಂಬರಿ ಮಾಡಿ ಎಲ್ಲರಿಗೂ ಹಂಚಿದೆ. ಬಿಲ್ಲು ೭,೪೦೦ ರೂಪಾಯಿ ಆಯಿತು. ಮೂರು ದಿನ ಊಟ ಮಾಡಿದ್ದಕ್ಕೆ ೪೦೦ ಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ಒರಳುಕಲ್ಲನ್ನು ಆ ಸೊಸೆಗೆ ಕೊಟ್ಟು ಬಂದೆ. ಅತ್ತೆ ಒಂದು ದಿನ ಮುನಿಸಿಕೊಂಡರು, ಮಿಕ್ಸಿ ಚಟ್ನಿ ತಿಂದರು.

ಮುರುಡೇಶ್ವರ, ಕೊಲ್ಲೂರು, ಉಡುಪಿ, ಶೃಂಗೇರಿ ಎಲ್ಲ ಚೆನ್ನಾಗಿ ಆಯಿತು, ಅದನ್ನೆಲ್ಲ ಬರೆಯುತ್ತಾ ಹೋದರೆ ಪುಟ ಸಾಲದು. ಆಗುಂಬೆಯ ಹದಿನಾಲ್ಕು ತಿರುವನ್ನು ಹತ್ತುವಾಗ ಮಗ ಜೋರಾಗಿ ಎಣಿಸುತ್ತಿದ್ದ, ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಾನು ಮಾತ್ರ ಪ್ರತಿ ಊರಿನಲ್ಲೂ ರಂಗೋಲಿ ಹಾಕಿದ ಮೇಲೆ ನಾಲ್ಕೂ ಚಕ್ರದ ಹಿಂದೆ ಬಗ್ಗಿ ನೋಡುತ್ತಿದ್ದೆ. ಎರಡನೇ ದಿನಕ್ಕೆ ನಮ್ಮವರೇ ‘ನೋಡಿದ್ಯಾ?’ ಅಂತ ಕೇಳಲು ಶುರು ಮಾಡಿದರು. ನೆಲ ಒಣಗಿದೆಯೇ, ಎಣ್ಣೆ ಡಬ್ಬಿಯ ಮಟ್ಟ ಎರಡು ಗೆರೆಗಳ ಮಧ್ಯೆ ಇದೆಯೇ, ಪೆಡಲು ನಿನ್ನೆ ನಿಂತ ಎತ್ತರದಲ್ಲೇ ನಿಲ್ಲುತ್ತದೆಯೇ, ಕೆಂಪು ದೀಪ ಆರಿದೆಯೇ. ಕಾಫಿ ಸೋಸುವಷ್ಟರಲ್ಲಿ ಮುಗಿಯುವ ಕೆಲಸ.

ಉಳಿದದ್ದು ಚಾರ್ಮಾಡಿ. ೨೩ಕ್ಕೆ ಹೊರನಾಡಿನಿಂದ ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಯಾರಿಗೂ ರುಚಿ ಹತ್ತಿದ ಹಾಗೆ ಕಾಣಲಿಲ್ಲ. ನಾನು ಟ್ಯಾಂಕಿನ ನಲ್ಲಿ ತಿರುಗಿಸಿ ಕುಡಿಯುವಷ್ಟು ಇಟ್ಟುಕೊಂಡು ಉಳಿದ ನೀರನ್ನೆಲ್ಲ ರಸ್ತೆ ಪಕ್ಕದ ಗಿಡಗಳಿಗೆ ಬಿಟ್ಟೆ. ನಮ್ಮವರು ಮಗನನ್ನು ಹಿಂದೆ ಕಳಿಸಿ, ‘ನೀನು ಮುಂದೆ ಬಾರೇ’ ಅಂದರು. ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತೆ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿದರು. ಇಂಜಿನ್ನು ಗುಂಯ್ ಅಂತ ಗೊಣಗುತ್ತಾ ಗಾಡಿಯನ್ನು ಹಿಡಿದುಕೊಂಡೇ ಇಳಿಯಿತು. ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಬ್ರೇಕು, ಮತ್ತೆ ಕಾಲು ತೆಗೆಯೋದು. ಹಿಂದಿನಿಂದ ಕಾರುಗಳು ಹಾರನ್ ಹೊಡೆದು ಹೊಡೆದು ಸಾಯಿಸಿದವು. ಬೇರೆ ದಿನವಾಗಿದ್ದರೆ ನಮ್ಮವರು ಹುರುಪಿಗೆ ಬೀಳುತ್ತಿದ್ದರು. ಅವತ್ತು ಅಗಲ ಸಿಕ್ಕ ಕಡೆ ಪಕ್ಕಕ್ಕೆ ನಿಲ್ಲಿಸಿ, ‘ಹೋಗ್ರಪ್ಪ ಹೋಗಿ’ ಅಂತ ಕೈ ಬೀಸಿದರು. ಅಲ್ಲಿ ನಾನು ಇಳಿದು ಚಕ್ರದ ಹತ್ತಿರ ಅಂಗೈ ಹಿಡಿದೆ, ಮುಟ್ಟಲಿಲ್ಲ, ಕಾವಲಿ ಕಾಯಿತೇ ಅಂತ ನೋಡುತ್ತೇವಲ್ಲ ಹಾಗೆ.

‘ಹೆಂಗಿದೆ?’ ಅಂತ ಕಿಟಕಿಯಿಂದ ಬಗ್ಗಿ ಕೇಳಿದರು.

‘ದೋಸೆ ಹುಯ್ಯೋಷ್ಟು ಕಾದಿಲ್ಲ’ ಅಂದೆ.

ಹಿಂದಿನಿಂದ ಅತ್ತೆ ನಕ್ಕದ್ದು ಕೇಳಿಸಿತು.

೨೫ರ ರಾತ್ರಿ ಊರು ಸೇರಿ, ಮಾರನೇ ದಿನ ಓಟು ಹಾಕಿ ಬಂದೆವು. ಮೈದುನ ಅನುಕೂಲ ಅನಾನುಕೂಲದ ಪಟ್ಟಿ ಕೇಳಿದ. ಮೊದಲು ಆ ಟ್ಯಾಂಕನ್ನು ತಲೆಯ ಮೇಲಿನಿಂದ ಇಳಿಸಿ ಅರ್ಧಕ್ಕರ್ಧ ಚಿಕ್ಕದು ಮಾಡು, ಬ್ರೇಕ್ ಎಣ್ಣೆ ಬದಲಾಯಿಸಿದ ತಾರೀಕನ್ನು ಬಾಗಿಲ ಒಳಗೆ ಬರೆದು ಅಂಟಿಸು ಅಂದೆ. ಎರಡನ್ನೂ ಮಾಡಿದ್ದಾನೆ. ತಾರೀಕು ಬರೆದಿರುವ ಅಕ್ಷರ ನಮ್ಮವರದು.

ಸ್ನಾನದ ವಿಷಯ ಕೇಳಿದವರು ಬೇಸರಪಡಬೇಡಿ, ಅದು ಮುಂದಿನ ಸಂಚಿಕೆಗೆ. ಅಲ್ಲಿಯವರೆಗೆ ಮಾವಿನಕಾಯಿ ಸಿಕ್ಕರೆ ಅಪ್ಪೆಹುಳಿ ಮಾಡಿ ನೋಡಿ, ಹ್ಯಾಗಾಯ್ತು ಅಂತ ಬರೆಯಿರಿ.